ಟೊಮೆಟೊ ಸಸಿಯ ಎಲೆ ಹಳದಿಯಾಯ್ತಾ, ಮುದುಡಿತಾ? ಔಷಧ ಸಿಂಪಡಿಸುವ ಮುನ್ನ ಈ ಲಕ್ಷಣಗಳನ್ನು ನೋಡಿ

ಕಿಟಕಿ ಪಕ್ಕ ಇಟ್ಟ ಕಪ್‌ಗಳಲ್ಲಿ ಬಿತ್ತಿದ ಟೊಮೆಟೊ ಬೀಜ ಒಂದು ವಾರದಲ್ಲಿ ಮೊಳೆಯುತ್ತದೆ. ಮೊದಲ ಹತ್ತು ದಿನ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಆಮೇಲೆ ಒಂದು ದಿನ ಬೆಳಗ್ಗೆ ನೋಡಿದರೆ ಒಂದು ಎಲೆ ಹಳದಿ. ಮರುದಿನ ಇನ್ನೊಂದು ಎಲೆಯ ಅಂಚು ಕಂದು. ಗಾಬರಿಯಾಗಿ ಕೆಲವರು ಇನ್ನಷ್ಟು ನೀರು ಹಾಕುತ್ತಾರೆ, ಕೆಲವರು ಗೊಬ್ಬರ ಹಾಕುತ್ತಾರೆ, ಇನ್ನು ಕೆಲವರು ಅಂಗಡಿಗೆ ಹೋಗಿ ಕೀಟನಾಶಕ ತಂದು ಸಿಂಪಡಿಸುತ್ತಾರೆ. ವಾರ ಕಳೆಯುವಷ್ಟರಲ್ಲಿ ಅರ್ಧ ಟ್ರೇ ಖಾಲಿಯಾಗಿರುತ್ತದೆ.

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಂಥ ನಗರಗಳ ಫ್ಲ್ಯಾಟ್‌ಗಳಲ್ಲಿ ಸಸಿ ಬೆಳೆಸುವವರಿಗೆ ಇದು ಹೊಸ ಅನುಭವವೇನಲ್ಲ. ಆದರೆ ಮನೆಯೊಳಗೆ ಬೆಳೆದ ಟೊಮೆಟೊ ಸಸಿಯ ಎಲೆ ಕೆಡುವುದಕ್ಕೆ ಹೆಚ್ಚಿನ ಸಲ ರೋಗ ಕಾರಣವಲ್ಲ. ನೀರು, ಬೆಳಕು, ತಾಪಮಾನ, ಪೋಷಕಾಂಶ ಈ ನಾಲ್ಕರಲ್ಲಿ ಯಾವುದೋ ಒಂದು ಹೆಚ್ಚು ಕಡಿಮೆಯಾಗಿರುತ್ತದೆ. ಅದನ್ನು ಸರಿಪಡಿಸಲು ಔಷಧ ಬೇಕಿಲ್ಲ. ಕೆಲವೇ ಕೆಲವು ನಿಜವಾದ ರೋಗಗಳಿವೆ. ಅವು ಬಂದಾಗ ಯಾವ ಔಷಧವೂ ಆ ಸಸಿಯನ್ನು ಉಳಿಸುವುದಿಲ್ಲ, ಅದನ್ನು ಕಿತ್ತು ಉಳಿದವನ್ನು ಕಾಪಾಡಬೇಕಾಗುತ್ತದೆ. ಯಾವುದು ಯಾವುದೆಂದು ಗುರುತಿಸುವುದು ಹೇಗೆ? ಇಲ್ಲಿದೆ ಮಾಹಿತಿ.

ಮೊದಲು ಈ ಮೂರು ಪ್ರಶ್ನೆ ಕೇಳಿಕೊಳ್ಳಿ

ಒಂದು, ತೊಂದರೆ ಶುರುವಾಗಿದ್ದು ಯಾವ ಎಲೆಯಲ್ಲಿ? ಕೆಳಗಿನ ಹಳೆಯ ಎಲೆಯಲ್ಲೋ, ತುದಿಯಲ್ಲಿ ಈಗಷ್ಟೇ ಬಂದ ಹೊಸ ಎಲೆಯಲ್ಲೋ? ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಸಾರಜನಕ, ಮೆಗ್ನೀಸಿಯಂ, ಪೊಟ್ಯಾಷ್, ರಂಜಕಗಳನ್ನು ಗಿಡ ತನ್ನೊಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬಲ್ಲದು. ಕೊರತೆಯಾದಾಗ ಹಳೆಯ ಎಲೆಯಿಂದ ತೆಗೆದು ಹೊಸ ಎಲೆಗೆ ಕೊಡುತ್ತದೆ. ಹಾಗಾಗಿ ಇವುಗಳ ಕೊರತೆ ಮೊದಲು ಕಾಣುವುದು ಕೆಳಗಿನ ಎಲೆಗಳಲ್ಲಿ. ಕಬ್ಬಿಣ, ಕ್ಯಾಲ್ಸಿಯಂ ಹಾಗಲ್ಲ. ಒಂದು ಎಲೆಯಲ್ಲಿ ಸೇರಿಕೊಂಡರೆ ಅಲ್ಲಿಂದ ಹೊರಡುವುದಿಲ್ಲ. ಇವುಗಳ ಕೊರತೆ ಹೊಸ ಎಲೆಯಲ್ಲೇ ಕಾಣುತ್ತದೆ.

ಎರಡು, ಎಲೆಯ ಯಾವ ಭಾಗ ಕೆಟ್ಟಿದೆ? ಇಡೀ ಎಲೆ ಒಂದೇ ಸಮನೆ ಹಳದಿಯಾಗಿದೆಯೇ, ನರ ಹಸಿರಾಗಿದ್ದು ನಡುವಿನ ಜಾಗ ಮಾತ್ರ ಹಳದಿಯೇ, ಅಂಚು ಮಾತ್ರ ಸುಟ್ಟಿದೆಯೇ, ಅಲ್ಲಲ್ಲಿ ಚುಕ್ಕೆ ಇದೆಯೇ? ಎಲೆಯನ್ನು ಮಗುಚಿ ಅಡಿಭಾಗವನ್ನೂ ನೋಡಿ. ಹೆಚ್ಚಿನ ಕೀಟಗಳು ಇರುವುದು ಅಲ್ಲೇ.

ಮೂರು, ಮಣ್ಣು ಹೇಗಿದೆ? ಬೆರಳನ್ನು ಒಂದು ಇಂಚು ಒಳಗೆ ಚುಚ್ಚಿ ನೋಡಿ. ಕಪ್ ಎತ್ತಿ ತೂಕ ನೋಡಿ. ಮೇಲ್ಮೈ ಒಣಗಿದಂತೆ ಕಂಡರೂ ಕೋಕೋಪೀಟ್ ಒಳಗೆ ಒದ್ದೆಯಾಗಿರುತ್ತದೆ. ಇದನ್ನು ನೋಡದೆ ನೀರು ಹಾಕುವುದೇ ಮನೆಯೊಳಗಿನ ಸಸಿಗಳಿಗೆ ಬಹಳ ಸಲ ಮುಳುವಾಗುತ್ತದೆ.

ಇವುಗಳಿಗೆ ಗಾಬರಿ ಬೇಡ

ಮೊಳೆತ ಕೂಡಲೇ ಕಾಣುವ ಉದ್ದನೆಯ ಎರಡು ನುಣುಪಾದ ಎಲೆಗಳು ನಿಜವಾದ ಎಲೆಗಳಲ್ಲ, ಬೀಜದಳಗಳು. ಸಸಿಗೆ ಮೊದಲ ದಿನಗಳ ಆಹಾರ ಇರುವುದು ಇವುಗಳಲ್ಲಿ. ಅಂಚು ಕತ್ತರಿಸಿದಂತಿರುವ ನಿಜವಾದ ಎಲೆಗಳು ಮೂರು ನಾಲ್ಕು ಬಂದ ಮೇಲೆ ಬೀಜದಳ ಹಳದಿಯಾಗಿ ಉದುರುತ್ತದೆ. ಇದು ಸಹಜ. ಆದರೆ ನಿಜವಾದ ಎಲೆ ಬರುವ ಮೊದಲೇ ಬೀಜದಳ ಹಳದಿಯಾದರೆ ನೀರು ಹೆಚ್ಚಾಗಿದೆಯೇ ಎಂದು ನೋಡಬೇಕು.

ಕಾಂಡದ ಬುಡ ನೇರಳೆ ಬಣ್ಣದಲ್ಲಿದ್ದರೆ ಅದೂ ಹಲವು ತಳಿಗಳಲ್ಲಿ ಸಹಜ. ಬೆಳಗಿನ ಹೊತ್ತು ಎಲೆಯ ಅಂಚಿನಲ್ಲಿ ಸಣ್ಣ ನೀರಿನ ಹನಿ ಸಾಲಾಗಿ ನಿಂತಿದ್ದರೆ ಅದು ರಾತ್ರಿ ಬೇರು ಹೀರಿದ ಹೆಚ್ಚುವರಿ ನೀರು. ರೋಗವಲ್ಲ.

ಕೆಲವು ಸಸಿಗಳಲ್ಲಿ ಬೀಜದ ಸಿಪ್ಪೆ ಬೀಜದಳದ ತುದಿಗೇ ಟೊಪ್ಪಿಯಂತೆ ಅಂಟಿಕೊಂಡಿರುತ್ತದೆ. ಬೀಜವನ್ನು ತೀರಾ ಮೇಲೆ ಬಿತ್ತಿದಾಗ ಅಥವಾ ಗಾಳಿ ಒಣಗಿದ್ದಾಗ ಹೀಗಾಗುತ್ತದೆ. ಅದನ್ನು ಹಾಗೇ ಎಳೆದರೆ ಎಲೆ ಹರಿದು ಬರುತ್ತದೆ. ಒಂದು ಹನಿ ನೀರು ಹಾಕಿ, ಹತ್ತು ಹದಿನೈದು ನಿಮಿಷ ನೆನೆಯಲು ಬಿಟ್ಟು ಬೆರಳಿನಿಂದ ಮೆಲ್ಲಗೆ ಜಾರಿಸಿ ತೆಗೆಯಿರಿ.

ಹಳದಿ ಎಲೆ: ಕೆಳಗಿನದೋ, ಮೇಲಿನದೋ?

ಹಳದಿ ಎಲೆಗೆ ಕಾರಣ ಹಲವು. ಮಣ್ಣು ಸದಾ ಒದ್ದೆಯಾಗಿದ್ದು, ಸಸಿ ಬಾಡಿದಂತೆ ಕಂಡು, ಎಲೆಯ ತೊಟ್ಟುಗಳು ಕೆಳಕ್ಕೆ ಬಾಗಿದ್ದರೆ ಅದು ನೀರು ಹೆಚ್ಚಾದ ಲಕ್ಷಣ. ನೀರು ತುಂಬಿದ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಬೇರು ಕೆಲಸ ನಿಲ್ಲಿಸಿದಾಗ ಪಕ್ಕದಲ್ಲೇ ನೀರಿದ್ದರೂ ಎಲೆ ಬಾಡುತ್ತದೆ. ನೀರು ಸಾಲದು ಎಂದುಕೊಂಡು ಮತ್ತೆ ನೀರು ಹಾಕಿದರೆ ಸಸಿ ಹೋಯಿತೆಂದೇ ಅರ್ಥ. ಕಪ್‌ನ ತಳದಲ್ಲಿ ತೂತುಗಳಿವೆಯೇ, ಕೆಳಗಿನ ತಟ್ಟೆಯಲ್ಲಿ ನೀರು ನಿಂತಿದೆಯೇ ನೋಡಿ. ತಟ್ಟೆಯ ನೀರು ಚೆಲ್ಲಿ, ಮಣ್ಣು ಒಂದು ಇಂಚು ಒಣಗುವ ತನಕ ಕಾಯಿರಿ.

ಮಣ್ಣು ಹದವಾಗಿದ್ದು, ಕೆಳಗಿನ ಎಲೆಗಳು ಒಂದೇ ಸಮನೆ ತಿಳಿ ಹಸಿರಿನಿಂದ ಹಳದಿಗೆ ತಿರುಗುತ್ತಾ, ಸಸಿ ಬೆಳೆಯದೆ ನಿಂತಿದ್ದರೆ ಸಾರಜನಕದ ಕೊರತೆ. ಬರೀ ಕೋಕೋಪೀಟ್‌ನಲ್ಲಿ ಬಿತ್ತಿದವರು ಇದನ್ನು ಹೆಚ್ಚಾಗಿ ಕಾಣುತ್ತಾರೆ. ಕೋಕೋಪೀಟ್ ಎಂದರೆ ತೆಂಗಿನ ನಾರಿನ ಪುಡಿ. ಅದು ನೀರು ಹಿಡಿದಿಡುತ್ತದೆ, ಆದರೆ ಅದರಲ್ಲಿ ಗಿಡಕ್ಕೆ ಬೇಕಾದಷ್ಟು ಆಹಾರವಿಲ್ಲ. ಎರಡು ನಿಜವಾದ ಎಲೆ ಬಂದ ಮೇಲೆ ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರ್‌ಗೆ 1 ಗ್ರಾಂನಂತೆ ಕರಗಿಸಿ ವಾರಕ್ಕೊಮ್ಮೆ ಕೊಟ್ಟರೆ ಸಾಕು. ಗೊಬ್ಬರ ಬೇಡ ಎನ್ನುವವರು ಬಿತ್ತುವಾಗಲೇ ಕೋಕೋಪೀಟ್ ಜೊತೆ ಚೆನ್ನಾಗಿ ಕಳಿತ ಎರೆಗೊಬ್ಬರ ಬೆರೆಸಿಕೊಳ್ಳಬಹುದು. ಒಮ್ಮೆ ಪೂರ್ತಿ ಹಳದಿಯಾದ ಎಲೆ ಮತ್ತೆ ಹಸಿರಾಗುವುದು ಕಷ್ಟ. ಹೊಸದಾಗಿ ಬರುವ ಎಲೆಯ ಬಣ್ಣ ನೋಡಿ ಫಲಿತಾಂಶ ತಿಳಿಯಬೇಕು.

ಕೆಳಗಿನ ಎಲೆಯಲ್ಲಿ ನರಗಳು ಹಸಿರಾಗಿದ್ದು ನಡುವಿನ ಜಾಗ ಮಾತ್ರ ಹಳದಿಯಾಗಿದ್ದರೆ ಮೆಗ್ನೀಸಿಯಂ ಕೊರತೆ. ಎಪ್ಸಮ್ ಸಾಲ್ಟ್ ಎಂದು ಅಂಗಡಿಯಲ್ಲಿ ಸಿಗುವುದು ಮೆಗ್ನೀಸಿಯಂ ಸಲ್ಫೇಟ್. ಲೀಟರ್‌ಗೆ 1ರಿಂದ 2 ಗ್ರಾಂ ಕರಗಿಸಿ ಒಮ್ಮೆ ಕೊಡಬಹುದು. ಎಲ್ಲ ಹಳದಿ ಎಲೆಗೂ ಎಪ್ಸಮ್ ಸಾಲ್ಟ್ ಮದ್ದು ಎಂದು ಸುಮ್ಮನೆ ಹಾಕುತ್ತಾ ಹೋದರೆ ಮಣ್ಣಿನಲ್ಲಿ ಲವಣ ಸೇರಿ ಬೇರೆ ತೊಂದರೆ ಶುರುವಾಗುತ್ತದೆ.

ಇದೇ ಲಕ್ಷಣ, ಅಂದರೆ ಹಸಿರು ನರ ಮತ್ತು ಹಳದಿ ಎಲೆ, ತುದಿಯ ಹೊಸ ಎಲೆಯಲ್ಲಿ ಕಂಡರೆ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದೇ ಇದರ ಅರ್ಥವಲ್ಲ. ಗಡಸು ನೀರು ಹಾಕಿ ಹಾಕಿ ಮಣ್ಣು ಕ್ಷಾರೀಯವಾದಾಗ ಇರುವ ಕಬ್ಬಿಣವನ್ನೂ ಬೇರು ಹೀರಲಾರದು. ಬೇರು ಸದಾ ಒದ್ದೆಯಲ್ಲಿದ್ದರೂ ಹೀಗಾಗುತ್ತದೆ. ಬೋರ್‌ವೆಲ್ ನೀರು ಬರುವ ಅಪಾರ್ಟ್‌ಮೆಂಟ್‌ಗಳಲ್ಲಿ ಇದನ್ನು ಮೊದಲು ಶಂಕಿಸಬೇಕು. ಮಳೆನೀರು ಅಥವಾ ಕುಡಿಯುವ ನೀರಿಗೆ ಬದಲಾಯಿಸಿ ಒಂದು ವಾರ ನೋಡಿ. ಸರಿಹೋಗದಿದ್ದರೆ ಕೀಲೇಟೆಡ್ ಕಬ್ಬಿಣ ಎಂದು ಮಾರುವ ಪುಡಿಯನ್ನು ಪ್ಯಾಕೆಟ್ ಮೇಲಿನ ಅಳತೆಯಂತೆ ಬಳಸಬಹುದು.

ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಗ್ರೋ ಲೈಟ್ ಅಥವಾ ಟ್ಯೂಬ್‌ಲೈಟ್ ಕೆಳಗೆ ಬೆಳೆಸುವವರು ಹೆಚ್ಚು ಬೆಳಕು ಒಳ್ಳೆಯದೆಂದು 24 ಗಂಟೆಯೂ ದೀಪ ಹಚ್ಚಿಡುತ್ತಾರೆ. ಟೊಮೆಟೊಗೆ ಕತ್ತಲೆಯೂ ಬೇಕು. ಬಿಡುವಿಲ್ಲದೆ ಬೆಳಕು ಬಿದ್ದರೆ ಅದರ ಎಲೆ ಹಳದಿಯಾಗುತ್ತದೆ. ದಿನಕ್ಕೆ 14ರಿಂದ 16 ಗಂಟೆ ಬೆಳಕು, ಉಳಿದ ಹೊತ್ತು ಕತ್ತಲೆ ಇರಲಿ.

ಎಲೆಯ ಅಡಿಭಾಗ ನೇರಳೆಯಾದರೆ

ಎಲೆಯ ಕೆಳಮೈ ಮತ್ತು ನರಗಳು ನೇರಳೆ ಬಣ್ಣಕ್ಕೆ ತಿರುಗಿದರೆ ರಂಜಕದ ಕೊರತೆ ಎಂದು ಪುಸ್ತಕಗಳು ಹೇಳುತ್ತವೆ. ಅದು ನಿಜ. ಆದರೆ ಮನೆಯಲ್ಲಿ ಬೆಳೆಸುವ ಸಸಿಯಲ್ಲಿ ಇದರ ಹಿಂದೆ ಬಹುತೇಕ ಚಳಿ ಇರುತ್ತದೆ. ಬುಡದ ಮಣ್ಣು ತಣ್ಣಗಾದಾಗ ಬೇರು ರಂಜಕ ಹೀರುವುದು ಕಡಿಮೆಯಾಗುತ್ತದೆ. ಮಣ್ಣಿನಲ್ಲಿ ಗೊಬ್ಬರ ಇದ್ದರೂ ಸಸಿಗೆ ಸಿಗುವುದಿಲ್ಲ. ಚಳಿಗಾಲದಲ್ಲಿ ಕಿಟಕಿಯ ಗ್ರಾನೈಟ್ ಕಟ್ಟೆಯ ಮೇಲೆ ಇಟ್ಟ ಟ್ರೇಗಳಲ್ಲಿ ಹೀಗಾಗುವುದು ಹೆಚ್ಚು. ರಾತ್ರಿ ಟ್ರೇಯನ್ನು ಕೋಣೆಯ ಒಳಭಾಗಕ್ಕೆ ತಂದಿಡಿ, ಕೆಳಗೆ ರಟ್ಟು ಅಥವಾ ಥರ್ಮಾಕೋಲ್ ಹಾಸಿ, ಬೆಳಗ್ಗೆ ತಣ್ಣೀರಿನ ಬದಲು ಉಗುರುಬೆಚ್ಚಗಿನ ನೀರು ಹಾಕಿ. ವಾರ ಹತ್ತು ದಿನದಲ್ಲಿ ಹೊಸ ಎಲೆ ಹಸಿರಾಗಿ ಬಂದರೆ ಕಾರಣ ಚಳಿ ಎಂದು ಖಚಿತ.

ಅಂಚು ಸುಟ್ಟಿದ್ದರೆ ನೀರನ್ನು ಶಂಕಿಸಿ

ಎಲೆಯ ತುದಿ ಮತ್ತು ಅಂಚು ಕಂದಾಗಿ ಗರಿಗರಿಯಾದರೆ ಮೂರು ಕಾರಣ ಇರಬಹುದು: ಮಣ್ಣಿನಲ್ಲಿ ಲವಣ ಹೆಚ್ಚಾಗಿದೆ, ಗೊಬ್ಬರ ಹೆಚ್ಚಾಗಿದೆ, ಇಲ್ಲವೇ ಒಣಗಾಳಿ ನೇರವಾಗಿ ಬೀಸುತ್ತಿದೆ.

ಆರ್‌ಒ ಫಿಲ್ಟರ್‌ನಿಂದ ಹೊರಬರುವ ನೀರು ವ್ಯರ್ಥವಾಗಬಾರದೆಂದು ಹಲವು ಮನೆಗಳಲ್ಲಿ ಅದನ್ನು ಗಿಡಗಳಿಗೆ ಹಾಕುತ್ತಾರೆ. ಫಿಲ್ಟರ್ ಬೇರ್ಪಡಿಸಿದ ಲವಣವೆಲ್ಲ ಸೇರಿಕೊಳ್ಳುವುದು ಆ ನೀರಿನಲ್ಲೇ. ನೆಲ ಒರೆಸಲು, ಪಾತ್ರೆ ನೆನೆಹಾಕಲು ಅದು ಸರಿ. ಎಳೆ ಸಸಿಗೆ ಬೇಡ. ಅಗ್ಗದ ಕೋಕೋಪೀಟ್ ಇಟ್ಟಿಗೆಗಳಲ್ಲೂ ಉಪ್ಪಿನಂಶ ಉಳಿದಿರುವುದುಂಟು. ಬಳಸುವ ಮೊದಲು ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಿ ತೆಗೆಯಬೇಕು. ಮಣ್ಣಿನ ಮೇಲೆ ಅಥವಾ ಕಪ್‌ನ ಅಂಚಿನಲ್ಲಿ ಬಿಳಿ ಪದರ ಕಟ್ಟಿದ್ದರೆ ಲವಣ ಹೆಚ್ಚಾಗಿದೆ ಎಂದೇ ತಿಳಿಯಿರಿ. ಒಳ್ಳೆಯ ನೀರನ್ನು ನಿಧಾನವಾಗಿ ಸುರಿದು ತಳದ ತೂತಿನಿಂದ ಹರಿದು ಹೋಗಲು ಬಿಡಿ. ಆಮೇಲೆ ಮಣ್ಣು ಒಣಗುವ ತನಕ ನೀರು ಬೇಡ.

ಎಸಿ ಅಥವಾ ಫ್ಯಾನಿನ ಗಾಳಿ ನೇರವಾಗಿ ಬಡಿಯುವ ಜಾಗದಲ್ಲಿ ಟ್ರೇ ಇದ್ದರೆ ಅದನ್ನೂ ಬದಲಿಸಿ. ಮೆಲ್ಲನೆ ಗಾಳಿಯಾಡುವುದು ಸಸಿಗೆ ಒಳ್ಳೆಯದು, ಕಾಂಡ ಗಟ್ಟಿಯಾಗುತ್ತದೆ. ಎಲೆ ಒಣಗಿಸುವಷ್ಟು ಗಾಳಿ ಬೇಡ.

ಬಿಸಿಲಿಗೆ ಇಟ್ಟ ಮರುದಿನ ಎಲೆ ಬಿಳಿ

ಮೂರು ವಾರ ಮನೆಯೊಳಗಿದ್ದ ಸಸಿಯನ್ನು ಒಂದು ಭಾನುವಾರ ಬೆಳಗ್ಗೆ ಬಾಲ್ಕನಿಯ ಬಿಸಿಲಿಗೆ ಇಟ್ಟಿರಿ. ಸಂಜೆ ಅಥವಾ ಮರುದಿನ ನೋಡಿದರೆ ಎಲೆಗಳ ಮೇಲೆ ಬಿಳಿ ಅಥವಾ ಬೂದು ಬಣ್ಣದ, ಕಾಗದದಂತೆ ತೆಳುವಾದ ಮಚ್ಚೆಗಳು. ಬೂದಿ ರೋಗವೆಂದು ಗಂಧಕ ಸಿಂಪಡಿಸಬೇಡಿ. ಅದು ಬಿಸಿಲಿನ ಗಾಯ. ಬೂದಿ ರೋಗವಾದರೆ ಎಲೆಯ ಮೇಲೆ ಹಿಟ್ಟು ಉದುರಿಸಿದಂತೆ ಪುಡಿ ಇರುತ್ತದೆ, ಬೆರಳಿನಿಂದ ಉಜ್ಜಿದರೆ ಅಂಟುತ್ತದೆ. ಬಿಸಿಲಿನ ಗಾಯ ಉಜ್ಜಿದರೆ ಹೋಗುವುದಿಲ್ಲ.

ಗಾಯವಾದ ಎಲೆ ಸರಿಹೋಗದು. ತುದಿ ಹಸಿರಾಗಿದ್ದರೆ ಸಸಿ ಉಳಿಯುತ್ತದೆ. ಮುಂದಿನ ಸಲ ಮೊದಲ ದಿನ ಬೆಳಗಿನ ಎಳೆ ಬಿಸಿಲಿನಲ್ಲಿ ಒಂದು ಗಂಟೆ, ಮರುದಿನ ಎರಡು ಗಂಟೆ, ಹೀಗೆ 7ರಿಂದ 10 ದಿನಗಳಲ್ಲಿ ನಿಧಾನವಾಗಿ ಒಗ್ಗಿಸಬೇಕು.

ಇದಕ್ಕೆ ವಿರುದ್ಧವಾದದ್ದು ಬೆಳಕಿನ ಕೊರತೆ. ಕಾಂಡ ತೆಳ್ಳಗೆ ಉದ್ದವಾಗಿ ಕಿಟಕಿಯತ್ತ ವಾಲಿರುತ್ತದೆ, ಎಲೆಗಳು ಚಿಕ್ಕದಾಗಿ, ಮಾಸಲು ಹಸಿರು ಬಣ್ಣದಲ್ಲಿರುತ್ತವೆ. ಇದಕ್ಕೆ ಗೊಬ್ಬರ ಹಾಕಿದರೆ ಇನ್ನಷ್ಟು ಉದ್ದವಾಗುತ್ತದೆ ಅಷ್ಟೆ. ಬೆಳಕಿರುವ ಜಾಗಕ್ಕೆ ಬದಲಿಸಿ. ಟೊಮೆಟೊ ಕಾಂಡ ಮಣ್ಣಿನೊಳಗೆ ಹೋದ ಕಡೆಯಲ್ಲೆಲ್ಲ ಬೇರು ಬಿಡುತ್ತದೆ. ಹಾಗಾಗಿ ದೊಡ್ಡ ಕುಂಡಕ್ಕೆ ನೆಡುವಾಗ ಉದ್ದವಾದ ಕಾಂಡವನ್ನು ಬೀಜದಳದವರೆಗೂ ಹೂತು ನೆಡಬಹುದು.

ಮುದುಡಿದ ಎಲೆ: ಇಲ್ಲೇ ಎಚ್ಚರ ಬೇಕಾಗುವುದು

ಎಲೆ ಮುದುಡುವುದರಲ್ಲಿ ಎರಡು ಬಗೆ. ಒಂದು ನಿರಪಾಯ, ಇನ್ನೊಂದು ಇಡೀ ಟ್ರೇಯನ್ನೇ ತೆಗೆದುಕೊಂಡು ಹೋಗುವಂಥದ್ದು.

ಮಧ್ಯಾಹ್ನದ ಸೆಖೆಗೆ ಅಥವಾ ನೀರು ಕಡಿಮೆಯಾದಾಗ ಎಲೆಯ ಅಂಚು ಮೇಲಕ್ಕೆ ಸುರುಳಿಯಾಗುತ್ತದೆ. ಎಲೆಯ ಬಣ್ಣ ಹಸಿರಾಗಿಯೇ ಇರುತ್ತದೆ, ಗಾತ್ರ ಸರಿಯಾಗಿರುತ್ತದೆ, ತುದಿಯಲ್ಲಿ ಹೊಸ ಎಲೆಗಳು ಆರೋಗ್ಯವಾಗಿರುತ್ತವೆ. ನೀರು, ನೆರಳು ಕೊಟ್ಟರೆ ಸುಧಾರಿಸಿಕೊಳ್ಳುತ್ತದೆ.

ಎಲೆ ಮುಟುರು ರೋಗ ಹಾಗಲ್ಲ. ಅದು ಕಾಣುವುದು ಹೊಸ ಎಲೆಗಳಲ್ಲಿ. ತುದಿಯ ಎಲೆಗಳು ಚಿಕ್ಕದಾಗಿ, ಸುಕ್ಕುಗಟ್ಟಿ, ಅಂಚು ಹಳದಿಯಾಗಿ ಮುದುಡಿರುತ್ತವೆ. ಗೆಣ್ಣುಗಳ ನಡುವಿನ ಅಂತರ ಕಡಿಮೆಯಾಗಿ ಸಸಿ ಪೊದೆಯಂತೆ ಕುಳ್ಳಗೆ ನಿಲ್ಲುತ್ತದೆ. ನೀರು ಕೊಟ್ಟರೂ, ನೆರಳಿಗಿಟ್ಟರೂ ಬದಲಾಗುವುದಿಲ್ಲ. ಇದು ವೈರಸ್. ಹರಡುವುದು ಬಿಳಿ ನೊಣ. ಭಾರತದಲ್ಲಿ ಈ ರೋಗ ತರುವ ವೈರಸ್‌ಗಳು ಒಂದೆರಡಲ್ಲ. ಅವುಗಳಲ್ಲಿ ಒಂದಕ್ಕೆ ನವದೆಹಲಿಯ ಹೆಸರಿದೆ, ಇನ್ನೊಂದಕ್ಕೆ ಬೆಂಗಳೂರಿನ ಹೆಸರಿದೆ.

ವೈರಸ್ ಹೊಕ್ಕ ಸಸಿಯನ್ನು ವಾಸಿ ಮಾಡುವ ಔಷಧ ಇಲ್ಲ. ಸೋಂಕು ತಗುಲಿ ಲಕ್ಷಣ ಕಾಣಲು ಎರಡು ಮೂರು ವಾರ ಬೇಕಾಗಬಹುದು. ಅಷ್ಟರಲ್ಲಿ ಅದೇ ಗಿಡದ ರಸ ಹೀರಿದ ಬಿಳಿ ನೊಣ ಪಕ್ಕದ ಸಸಿಗೂ ಹೋಗಿರುತ್ತದೆ. ಪಾಪ, ಒಂದಿಷ್ಟು ದಿನ ನೋಡೋಣ ಎಂದು ಇಟ್ಟುಕೊಂಡ ಆ ಒಂದು ಸಸಿಯಿಂದಲೇ ಉಳಿದವೂ ಹಾಳಾಗುತ್ತವೆ. ಸಸಿಯನ್ನು ಪ್ಲಾಸ್ಟಿಕ್ ಕವರ್‌ನಿಂದ ಮುಚ್ಚಿ, ನೊಣ ಹಾರಿಹೋಗದಂತೆ ಬುಡಸಮೇತ ಕಿತ್ತು, ಕವರ್ ಕಟ್ಟಿ ಕಸಕ್ಕೆ ಹಾಕಿ. ಕಾಂಪೋಸ್ಟ್ ಬುಟ್ಟಿಗೆ ಬೇಡ.

ಬಿಳಿ ನೊಣ ಇದೆಯೇ ಎಂದು ತಿಳಿಯುವುದು ಸುಲಭ. ಸಸಿಯನ್ನು ಮೆಲ್ಲಗೆ ಅಲುಗಾಡಿಸಿ. ಎಲೆಯಡಿಯಿಂದ ಬೂದಿಯ ಕಣದಂಥ ಬಿಳಿ ಕೀಟಗಳು ಎದ್ದು ಮತ್ತೆ ಕುಳಿತರೆ ಅವೇ. ಟ್ರೇಯ ಪಕ್ಕ ಹಳದಿ ಅಂಟು ಕಾರ್ಡ್ ನಿಲ್ಲಿಸಿ. ಕರ್ನಾಟಕದ ಸಸಿ ನರ್ಸರಿಗಳಲ್ಲಿ ಬಿಳಿ ನೊಣ ತಡೆಯಲು 40ರಿಂದ 50 ಮೆಶ್‌ನ ನೈಲಾನ್ ಪರದೆ ಬಳಸುತ್ತಾರೆ. ಮನೆಯಲ್ಲಿ ಆಹಾರ ಮುಚ್ಚಿಡುವ ಬಲೆಯಂತೆ ಇದನ್ನೇ ಟ್ರೇ ಮೇಲೆ ಹೊದಿಸಬಹುದು. ಸಾಮಾನ್ಯ ಸೊಳ್ಳೆ ಪರದೆಯ ತೂತು ಬಿಳಿ ನೊಣಕ್ಕೆ ದೊಡ್ಡದು, ಅದು ಒಳಗೆ ನುಗ್ಗುತ್ತದೆ.

ಹೊಸ ಎಲೆಯ ಮೇಲೆ ಕಂಚಿನ ಬಣ್ಣದ ಕಲೆ ಮೂಡಿ, ತುದಿ ಕಪ್ಪಾಗಿ ಒಣಗುತ್ತಾ ಬಂದರೆ ಅದು ಥ್ರಿಪ್ಸ್ ನುಸಿ ಹರಡುವ ಟೋಸ್ಪೋ ವೈರಸ್ ಇರಬಹುದು. ಇದಕ್ಕೂ ಕಿತ್ತುಹಾಕುವುದೊಂದೇ ದಾರಿ. ಎಲೆಯಲ್ಲಿ ತಿಳಿ ಹಸಿರು, ಗಾಢ ಹಸಿರು ಬಣ್ಣ ಬಟ್ಟೆಯ ತೇಪೆಯಂತೆ ಬೆರೆತು ಕಂಡರೆ ಮೊಸಾಯಿಕ್ ವೈರಸ್. ಇದು ಕೈಯಿಂದಲೇ ಹರಡುತ್ತದೆ. ತಂಬಾಕಿನಲ್ಲಿರುವ ಇದರ ಒಂದು ಬಗೆ ಬೀಡಿ, ಸಿಗರೇಟು, ಜಗಿಯುವ ತಂಬಾಕು ಮುಟ್ಟಿದ ಕೈಯಿಂದ ಸಸಿಗೆ ದಾಟಬಲ್ಲದು. ಸಸಿ ಮುಟ್ಟುವ ಮುನ್ನ ಸೋಪು ಹಾಕಿ ಕೈ ತೊಳೆಯುವುದು ಒಳ್ಳೆಯ ಅಭ್ಯಾಸ.

ಚುಕ್ಕೆ, ಗುಳ್ಳೆ, ರಂಗೋಲಿ

ಎಲೆಯ ಮೇಲೆ ಬಿಳಿ ಗೆರೆಯಿಂದ ಸುತ್ತಿಬಳಸಿ ರಂಗೋಲಿ ಬಿಡಿಸಿದಂತೆ ಕಂಡರೆ ಅದು ರಂಗೋಲಿ ಹುಳು. ಎಲೆಯ ಎರಡು ಪದರಗಳ ನಡುವೆ ಮರಿಹುಳು ತಿನ್ನುತ್ತಾ ಸಾಗಿದ ದಾರಿ ಅದು. ಹುಳು ಎಲೆಯ ಒಳಗಿರುವುದರಿಂದ ಮೇಲೆ ಸಿಂಪಡಿಸಿದ್ದು ಅದಕ್ಕೆ ಸರಿಯಾಗಿ ತಾಗದು. ಗೆರೆಯ ತುದಿಯಲ್ಲಿ ಹುಳುವನ್ನು ಬೆರಳಿನಿಂದ ಅದುಮಿ ಅಥವಾ ಆ ಎಲೆ ಕಿತ್ತುಹಾಕಿ.

ಎಲೆಯ ಅಡಿಯಲ್ಲಿ ಸಣ್ಣ ನೀರುಗುಳ್ಳೆಗಳಂತೆ ಉಬ್ಬಿ, ಆಮೇಲೆ ಒಡೆದು ಒರಟಾದ ಕಂದು ಕಲೆಯಾದರೆ ಅದು ರೋಗವಲ್ಲ. ಮಣ್ಣು ಒದ್ದೆ, ಗಾಳಿ ತೇವ, ಬೆಳಕು ಕಡಿಮೆ ಇದ್ದಾಗ ಬೇರು ಹೀರಿದ ನೀರು ಎಲೆಯಿಂದ ಆವಿಯಾಗದೆ ಒಳಗೇ ಒತ್ತಡ ಹಾಕುತ್ತದೆ. ನೀರು ಕಡಿಮೆ ಮಾಡಿ, ಗಾಳಿಯಾಡಲು ಬಿಡಿ.

ಎಲೆಯ ಮೇಲೆ ಸೂಜಿಮೊನೆಯಂಥ ಲೆಕ್ಕವಿಲ್ಲದಷ್ಟು ತಿಳಿ ಚುಕ್ಕೆಗಳಿದ್ದು, ಅಡಿಯಲ್ಲಿ ತೆಳು ಬಲೆ ಕಂಡರೆ ಜೇಡ ನುಸಿ. ಒಣಹವೆ, ಸೆಖೆ ಇದ್ದಾಗ ಬೇಗ ಹೆಚ್ಚುತ್ತದೆ. ಬಿಳಿ ಕಾಗದದ ಮೇಲೆ ಎಲೆಯನ್ನು ತಟ್ಟಿದರೆ ಓಡಾಡುವ ಕೆಂಪು ಅಥವಾ ಹಳದಿ ಚುಕ್ಕೆಗಳು ಕಾಣುತ್ತವೆ. ತುದಿಯಲ್ಲಿ ಹಸಿರು ಅಥವಾ ಕಪ್ಪು ಸಸ್ಯಹೇನು ಗುಂಪಾಗಿದ್ದರೆ ಎಲೆ ಅಂಟಂಟಾಗಿರುತ್ತದೆ, ಇರುವೆ ಬಂದಿರುತ್ತದೆ. ಇವೆರಡಕ್ಕೂ ಮೊದಲು ನೀರಿನಿಂದ ಎಲೆಯಡಿ ತೊಳೆಯಿರಿ. ಆಮೇಲೂ ಉಳಿದರೆ ಲೀಟರ್ ನೀರಿಗೆ 3ರಿಂದ 5 ಮಿ.ಲೀ. ಬೇವಿನ ಎಣ್ಣೆ, ಕೆಲವು ಹನಿ ದ್ರವ ಸೋಪು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಮೊದಲು ಒಂದು ಸಸಿಯ ಮೇಲೆ ಹಾಕಿ ಒಂದು ದಿನ ನೋಡಿ. ಬಿಸಿಲಿನಲ್ಲಿ ಸಿಂಪಡಿಸಿದರೆ ಎಣ್ಣೆಯಿಂದಲೇ ಎಲೆ ಸುಡುತ್ತದೆ.

ಕಂದು ಬಣ್ಣದ ಚುಕ್ಕೆಯೊಳಗೆ ಬಳೆಯಂತೆ ಒಂದರೊಳಗೊಂದು ವೃತ್ತಗಳಿದ್ದು ಸುತ್ತ ಹಳದಿಯಿದ್ದರೆ ಅದು ಎಲೆಚುಕ್ಕೆಯ ಶಿಲೀಂಧ್ರ ರೋಗ. ಕೆಳಗಿನ ಎಲೆಗಳಲ್ಲಿ ಶುರುವಾಗುತ್ತದೆ. ಚುಕ್ಕೆಯಿರುವ ಎಲೆ ತೆಗೆದುಹಾಕಿ, ಎಲೆ ಒದ್ದೆಯಾಗದಂತೆ ಬುಡಕ್ಕೆ ಮಾತ್ರ ನೀರು ಹಾಕಿ, ಸಸಿಗಳ ನಡುವೆ ಅಂತರ ಹೆಚ್ಚಿಸಿ.

ರಾತ್ರೋರಾತ್ರಿ ಬಿದ್ದ ಸಸಿ

ಎಲೆ ಹಸಿರಾಗಿಯೇ ಇದ್ದು, ಬೆಳಗ್ಗೆ ನೋಡಿದರೆ ಸಸಿ ಬುಡದಲ್ಲಿ ಮುರಿದಂತೆ ಅಡ್ಡಬಿದ್ದಿದೆಯೇ? ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ದಾರದಂತೆ ತೆಳ್ಳಗಾಗಿ ನೀರುನೀರಾಗಿದೆಯೇ? ಇದು ಸಸಿ ಸಾಯುವ ರೋಗ. ಪಿಥಿಯಂ, ರೈಜೋಕ್ಟೋನಿಯಾದಂಥ ಮಣ್ಣಿನ ಸೂಕ್ಷ್ಮಜೀವಿಗಳು ಇದಕ್ಕೆ ಕಾರಣ. ಸದಾ ಒದ್ದೆಯಾದ ಮಣ್ಣು, ಗಾಳಿಯಾಡದ ಟ್ರೇ, ಒತ್ತೊತ್ತಾಗಿ ಬಿತ್ತಿದ ಬೀಜ ಇದ್ದರೆ ಒಂದು ಮೂಲೆಯಿಂದ ಶುರುವಾಗಿ ಎರಡು ಮೂರು ದಿನಗಳಲ್ಲಿ ಟ್ರೇ ತುಂಬ ಹರಡುತ್ತದೆ.

ಬಿದ್ದ ಸಸಿ ಎದ್ದು ನಿಲ್ಲುವುದಿಲ್ಲ. ಅದನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆಯಿರಿ, ಮುಚ್ಚಿದ ಮುಚ್ಚಳ ತೆರೆಯಿರಿ, ನೀರು ನಿಲ್ಲಿಸಿ, ಬೆಳಕಿಗಿಡಿ. ಮುಂದಿನ ಸಲ ಹಳೆಯ ಕುಂಡದ ಮಣ್ಣಿನಲ್ಲಿ ಬಿತ್ತಬೇಡಿ, ಟ್ರೇಯನ್ನು ಸೋಪಿನಿಂದ ತೊಳೆದು ಒಣಗಿಸಿ ಬಳಸಿ, ಬಿತ್ತುವ ಮಿಶ್ರಣಕ್ಕೆ ಟ್ರೈಕೋಡರ್ಮಾ ಪುಡಿ ಸೇರಿಸಿ. ಇದು ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಇನ್ನೊಂದು ಶಿಲೀಂಧ್ರ. ಕೃಷಿ ಪರಿಕರದ ಅಂಗಡಿಗಳಲ್ಲಿ ಸಿಗುತ್ತದೆ.

ನಿಮ್ಮ ಊರಿನಲ್ಲಿ ಯಾವುದಕ್ಕೆ ಎಚ್ಚರ?

ಮುಂಬೈ: ಮಳೆಗಾಲದ ತೇವ, ಮೋಡ. ಸಸಿ ಸಾಯುವ ರೋಗ, ಎಲೆಯಡಿ ನೀರುಗುಳ್ಳೆ ಹೆಚ್ಚು. ಮಳೆ ಇಳಿದ ಮೇಲೆ ಸೆಪ್ಟೆಂಬರ್ ಕೊನೆಗೆ ಬಿತ್ತುವುದು ಸುಲಭ.

ಪುಣೆ: ಚಳಿಗಾಲದ ರಾತ್ರಿ ತಣ್ಣಗಿರುತ್ತದೆ, ಹಗಲು ಬಿಸಿಲು ಚುರುಕು. ನೇರಳೆ ಎಲೆ, ಬಿಸಿಲಿನ ಗಾಯ ಎರಡನ್ನೂ ಗಮನಿಸಿ.

ಚೆನ್ನೈ: ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆ. ಟ್ರೇಯನ್ನು ಮಳೆಯ ಎರಚಲಿನಿಂದ ದೂರವಿಡಿ. ಬೋರ್‌ವೆಲ್ ನೀರಿನಲ್ಲಿ ಉಪ್ಪಿದ್ದರೆ ಅಂಚು ಸುಡುತ್ತದೆ.

ಹೈದರಾಬಾದ್: ಗಡಸು ನೀರು, ಬೇಸಿಗೆಯ ಒಣಹವೆ. ಹೊಸ ಎಲೆ ಹಳದಿಯಾಗುವುದು, ಜೇಡ ನುಸಿ ಇವುಗಳತ್ತ ಕಣ್ಣಿಡಿ.

ದೆಹಲಿ: ಜನವರಿಯ ರಾತ್ರಿ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯುವುದು ಸಾಮಾನ್ಯ, ಹಗಲು ಮಂಜು. ಟೊಮೆಟೊ ಬೀಜ ಚೆನ್ನಾಗಿ ಮೊಳೆಯಲು 20ರಿಂದ 27 ಡಿಗ್ರಿ ಬೇಕು. ಕಿಟಕಿಯ ಬೆಳಕೊಂದೇ ಸಾಲದು, ಎಲ್‌ಇಡಿ ಟ್ಯೂಬ್ ನೆರವು ಬೇಕಾಗಬಹುದು.

ತಳಿಯ ಆಯ್ಕೆಯಲ್ಲೂ ಅರ್ಧ ಗೆಲುವಿದೆ

ಬೆಂಗಳೂರು ಹೊರವಲಯದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ‘ಅರ್ಕಾ ರಕ್ಷಕ್’ ಹೈಬ್ರಿಡ್ ತಳಿ ಎಲೆ ಮುಟುರು ವೈರಸ್, ದುಂಡಾಣು ಸೊರಗು ರೋಗ ಮತ್ತು ಎಲೆಚುಕ್ಕೆ ರೋಗ ಈ ಮೂರನ್ನೂ ತಡೆದುಕೊಳ್ಳುವ ಗುಣ ಹೊಂದಿದೆ. ಅದೇ ಸಂಸ್ಥೆಯ ‘ಅರ್ಕಾ ಅಭೇದ್’ ಇವುಗಳ ಜೊತೆ ಅಂಗಮಾರಿ ರೋಗವನ್ನೂ ತಡೆದುಕೊಳ್ಳುತ್ತದೆ. ಬಿಳಿ ನೊಣದ ಕಾಟ ಇರುವ ಬಾಲ್ಕನಿಗಳಿಗೆ ಇಂಥ ತಳಿ ಒಳ್ಳೆಯ ಆಯ್ಕೆ. ಆದರೆ ನಿರೋಧಕ ತಳಿ ಎಂದಮಾತ್ರಕ್ಕೆ ನೀರು ಹೆಚ್ಚಾದರೆ, ಬೆಳಕು ಕಡಿಮೆಯಾದರೆ ತಡೆದುಕೊಳ್ಳುತ್ತದೆ ಎಂದಲ್ಲ. ಹೈಬ್ರಿಡ್ ಹಣ್ಣಿನಿಂದ ಬೀಜ ತೆಗೆದು ಬಿತ್ತಿದರೆ ಎಲ್ಲ ಸಸಿಗಳಲ್ಲೂ ಅದೇ ಗುಣ ಬರುವುದಿಲ್ಲ ಎಂಬುದೂ ನೆನಪಿರಲಿ.

ಮನೆಯೊಳಗೆ ಕೀಟನಾಶಕ ಬೇಡ

ಹೊಲಕ್ಕೆಂದು ಮಾರುವ ರಾಸಾಯನಿಕ ಕೀಟನಾಶಕವನ್ನು ಮಕ್ಕಳು, ವಯಸ್ಸಾದವರು ಇರುವ ಕೋಣೆಯೊಳಗೆ ಸಿಂಪಡಿಸುವುದು ಅಪಾಯ. ಹೊಲದಲ್ಲಿ ಗಾಳಿಗೆ ಹರಡಿಹೋಗುವ ಔಷಧ ಮನೆಯಲ್ಲಿ ಪರದೆ, ಹಾಸಿಗೆ, ಪಾತ್ರೆಗಳ ಮೇಲೆ ಕೂರುತ್ತದೆ. ಜಿರಳೆ, ಸೊಳ್ಳೆಗೆ ಬಳಸುವ ಸ್ಪ್ರೇ ಡಬ್ಬಿಯನ್ನು ಸಸಿಗೆ ಹೊಡೆದರೆ ಎಲೆಯೇ ಸುಟ್ಟುಹೋಗಬಹುದು. ಹತ್ತಿಪ್ಪತ್ತು ಸಸಿಗಳಿಗಾಗಿ ಇಷ್ಟು ಅಪಾಯ ತಂದುಕೊಳ್ಳುವ ಅಗತ್ಯವಿಲ್ಲ. ಕೈಯಿಂದ ತೆಗೆಯುವುದು, ತೊಳೆಯುವುದು, ಕೆಟ್ಟಿದ್ದನ್ನು ಕಿತ್ತುಹಾಕುವುದು ಇಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಒಂದೇ ನೋಟದಲ್ಲಿ

- ಬೀಜದಳ ಮಾತ್ರ ಹಳದಿ, ಮೇಲಿನ ಎಲೆ ಚೆನ್ನಾಗಿದೆ: ಸಹಜ, ಏನೂ ಬೇಡ.
- ಹಳದಿ, ಬಾಡಿದ ಎಲೆ, ಒದ್ದೆ ಮಣ್ಣು: ನೀರು ನಿಲ್ಲಿಸಿ.
- ಕೆಳಗಿನ ಎಲೆ ಪೂರ್ತಿ ಹಳದಿ, ಹದವಾದ ಮಣ್ಣು: ಸಾರಜನಕ ಕೊರತೆ.
- ಹಸಿರು ನರ, ಹಳದಿ ಎಲೆ: ಕೆಳಗಿದ್ದರೆ ಮೆಗ್ನೀಸಿಯಂ, ಮೇಲಿದ್ದರೆ ಕಬ್ಬಿಣ.
- ಎಲೆಯಡಿ ನೇರಳೆ: ಚಳಿಯಿಂದ ಕಾಪಾಡಿ.
- ಅಂಚು ಕಂದು: ನೀರಿನ ಉಪ್ಪು, ಗೊಬ್ಬರ, ಎಸಿ ಗಾಳಿ ಪರೀಕ್ಷಿಸಿ.
- ಕಾಗದದಂಥ ಬಿಳಿ ಮಚ್ಚೆ: ಬಿಸಿಲಿನ ಗಾಯ.
- ಹೊಸ ಎಲೆ ಚಿಕ್ಕದಾಗಿ, ಹಳದಿಯಾಗಿ ಮುದುಡಿದೆ: ವೈರಸ್, ತಡಮಾಡದೆ ಕಿತ್ತುಹಾಕಿ.
- ಬುಡ ತೆಳ್ಳಗಾಗಿ ಸಸಿ ಬಿದ್ದಿದೆ: ಸಸಿ ಸಾಯುವ ರೋಗ, ತೆಗೆದು ಟ್ರೇ ಒಣಗಿಸಿ.

ಟೊಮೆಟೊ ಸಸಿ ಬಿತ್ತಿದ 25ರಿಂದ 30 ದಿನಗಳಲ್ಲಿ ಕುಂಡಕ್ಕೆ ನೆಡಲು ಸಿದ್ಧವಾಗುತ್ತದೆ. ಈ ಒಂದು ತಿಂಗಳಲ್ಲಿ ಸಸಿ ಕಳೆದುಕೊಂಡು ಮತ್ತೆ ಬಿತ್ತಿದರೆ ಹೂ ಬಿಡುವ ಹೊತ್ತಿಗೆ ದೆಹಲಿಯಲ್ಲಿ ಬಿರುಬಿಸಿಲು ಬಂದಿರುತ್ತದೆ. ಸೆಖೆ ಹೆಚ್ಚಾದರೆ ಟೊಮೆಟೊ ಹೂ ಉದುರುತ್ತದೆ, ಕಾಯಿ ಕಚ್ಚುವುದಿಲ್ಲ. ಹಾಗಾಗಿ ಎಲೆಯಲ್ಲಿ ಬದಲಾವಣೆ ಕಂಡ ದಿನವೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮೂರ್ನಾಲ್ಕು ದಿನ ಬಿಟ್ಟು ಹೊಸ ಎಲೆಯನ್ನು ಆ ಫೋಟೊ ಜೊತೆ ಹೋಲಿಸಿ. ನೀರು, ಗೊಬ್ಬರ, ಜಾಗ ಮೂರನ್ನೂ ಒಂದೇ ದಿನ ಬದಲಿಸಿದರೆ ಸಸಿ ಉಳಿದರೂ ಯಾವುದರಿಂದ ಉಳಿಯಿತೆಂದು ತಿಳಿಯುವುದಿಲ್ಲ.